ಒದ್ದೆ ಗೋಣಿ

ಮಾರ್ಗಶಿರ, ಪುಷ್ಯದಲ್ಲಿ ನಮ್ಮ ಅಂಕೋಲೆಯ ಕಡೆ ಬೆಳಗಿನ ಹೊತ್ತು ತೆಂಗಿನೆಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ನಿಲ್ಲುತ್ತದೆ. ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಒಲೆಯ ಹತ್ತಿರ ಇಟ್ಟು ಕರಗಿಸುವವರುಂಟು, ಅಂಗಳಕ್ಕೆ ಬಿಸಿಲು ಬರಲಿ ಎಂದು ಕಾಯುವವರುಂಟು. ನನ್ನ ತಂಗಿ ಎರಡನ್ನೂ ಮಾಡುತ್ತಿರಲಿಲ್ಲ. ಬೆಳಿಗ್ಗೆ ಎಚ್ಚರಾದ ಕೂಡಲೇ ಕೈ ಚಾಚಿ ಬಾಟಲಿಯನ್ನು ಕಂಬಳಿಯ ಒಳಗೆ ಎಳೆದುಕೊಂಡು, ಹೊಟ್ಟೆಗೆ ಒತ್ತಿ ಹಿಡಿದು, ಮತ್ತೆ ಕಣ್ಣು ಮುಚ್ಚುತ್ತಿದ್ದಳು. ನಮ್ಮ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಅಡಿಗೆ ಮನೆಯಿಂದ ಬೈದರೆ ತಂಗಿ ಕಂಬಳಿಯ ಒಳಗಿಂದಲೇ ಉತ್ತರ ಕೊಡುತ್ತಿದ್ದಳು.

“ಎಣ್ಣೆಗೆ ಚಳಿ ಆಗ್ತದಲ್ಲೆ ಆಯಿ. ಅದ್ಕೇ ಮಲಗ್ಸ್ಕಂಡೆ.”

ನಾನು ಅವಳಿಗಿಂತ ಆರೇಳು ವರ್ಷಕ್ಕೆ ದೊಡ್ಡವ. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪನ ಜೊತೆ ಗದ್ದೆ, ತರಕಾರಿ ಹಿತ್ತಲು ಎಂದು ದುಡಿಯುತ್ತಿದ್ದೆ. ತಂಗಿಗೂ ಶಾಲೆ ಇರಲಿಲ್ಲ. ಆದರೆ ಬಿಸಿ ಯಾವುದು ಎಷ್ಟು ಹೊತ್ತು ಇರುತ್ತದೆ, ತಂಪು ಎಲ್ಲಿ ಅಡಗಿಕೊಳ್ಳುತ್ತದೆ ಎಂಬುದನ್ನು ಅವಳು ಯಾವಾಗಲೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಚೈತ್ರದ ಮಧ್ಯಾಹ್ನ ಕಾದ ಹಂಚುಗಳು ಸಂಜೆ ಗಾಳಿ ಬೀಸಿದಾಗ ಟಕ್ ಟಕ್ ಎನ್ನುತ್ತಿದ್ದವು. ಅದನ್ನು ಕೇಳಿ, ಹಂಚಿನ ಮಾಡು ಬೆರಳು ಮುರಿದುಕೊಳ್ಳುತ್ತಿದೆ ಎನ್ನುತ್ತಿದ್ದಳು. ನಮ್ಮ ಮನೆಯ ಪಡುವಣ ಗೋಡೆ ಚಿರೆಕಲ್ಲಿನದು. ಮಧ್ಯಾಹ್ನದಿಂದ ಬಿಸಿಲು ಕುಡಿದ ಆ ಕಲ್ಲು ದೀಪ ಹಚ್ಚಿದ ಮೇಲೂ ಬೆಚ್ಚಗೇ ಇರುತ್ತಿತ್ತು. ತಂಗಿ ಅಂಗೈ ಇಟ್ಟು ನೋಡಿ ನನ್ನನ್ನು ಕರೆಯುತ್ತಿದ್ದಳು.

“ಅಣ್ಣಾ, ಗೋಡೆಗೆ ಇನ್ನೂ ಜ್ವರ ಇಳೀಲಿಲ್ಲ ನೋಡು.”

ಒಮ್ಮೆ ಉರಿಯುವ ದೀಪದ ಗಾಜಿನ ಬುರುಡೆಯನ್ನು ಒದ್ದೆ ಕೈಯಿಂದ ಮುಟ್ಟಿ ಬಿರುಕು ಬಿಡಿಸಿದ್ದಳು. ಕಾದ ಗಾಜಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ ಎಂದು ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಯಿ ಹೊಡೆಯಲು ಬಂದಾಗ, ಗೊತ್ತಿತ್ತು, ಆದರೆ ಹ್ಯಾಗೆ ಒಡೆಯುತ್ತದೆ ಎಂದು ನೋಡಿರಲಿಲ್ಲ ಎಂದಳಂತೆ. ಆಯಿಗೆ ನಗು ಬಂದು ಎತ್ತಿದ ಕೈ ಅಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಜಗಲಿಯ ಮೂಲೆಯಲ್ಲಿ ಮಣ್ಣಿನ ಕೊಡ ಇರುತ್ತಿತ್ತು. ಅದಕ್ಕೆ ಒದ್ದೆ ಬಟ್ಟೆ ಸುತ್ತುವುದು ಅಪ್ಪನ ಕೆಲಸ. ಬೇರೆ ಯಾರು ಸುತ್ತಿದರೂ ಅವನಿಗೆ ಸರಿ ಬರುತ್ತಿರಲಿಲ್ಲ. ಹಳೆಯ ಪಂಚೆಯ ತುಂಡನ್ನು ನೆನೆಸಿ, ಹದವಾಗಿ ಹಿಂಡಿ, ಕೊಡದ ಹೊಟ್ಟೆಗೆ ಸುತ್ತಿ, ಒಣಗಿತೋ ಎಂದು ಹೋಗುತ್ತ ಬರುತ್ತ ಮುಟ್ಟುತ್ತಿದ್ದ. ಒಣಗಿದರೆ ಮತ್ತೆ ನೀರು ಚಿಮುಕಿಸುತ್ತಿದ್ದ. ದಾರಿಯಲ್ಲಿ ಹೋಗುವವರು ನಮ್ಮ ಮನೆಯ ನೀರು ಕುಡಿಯಲೆಂದೇ ಒಳಗೆ ಬರುತ್ತಿದ್ದರು.

ಅಪ್ಪನಿಗೆ ಹೆಸರು ಬಂದದ್ದೂ ಇದೇ ಕೈಗುಣದಿಂದ. ನಮ್ಮ ಹಿತ್ತಲಿನ ಹರಿವೆ, ಬಸಳೆ, ಎಳೆ ಬದನೆಯನ್ನು ಅವನು ಎತ್ತಿನ ಗಾಡಿಯಲ್ಲಿ ಕಾರವಾರದ ಪೇಟೆಗೆ ಒಯ್ಯುತ್ತಿದ್ದ. ಬಿಸಿಲು ಇಳಿದ ಮೇಲೆ ಹೊರಟರೆ ಮಾರನೇ ದಿನ ಬೆಳಗಿನ ಪೇಟೆಗೆ ಮುಟ್ಟುತ್ತಿದ್ದ. ಸೊಪ್ಪಿನ ಕಟ್ಟಿಗೆ ಗೋಣಿ ಹೊದಿಸಿ, ದಾರಿಯಲ್ಲಿ ಸಿಕ್ಕ ಬಾವಿಗಳಲ್ಲೆಲ್ಲ ಗಾಡಿ ನಿಲ್ಲಿಸಿ, ನೀರು ಸೇದಿ ಗೋಣಿಯ ಮೇಲೆ ಹೊಯ್ಯುವುದು ಅವನ ಕ್ರಮ. ಅವರ್ಸೆಯಲ್ಲಿ, ಹಾರವಾಡದಲ್ಲಿ, ಅಮದಳ್ಳಿಯಲ್ಲಿ, ಬಿಣಗಾದಲ್ಲಿ ಬಾವಿಕಟ್ಟೆಯವರಿಗೆಲ್ಲ ಅವನ ಗುರುತು. ಬೇರೆಯವರ ಸೊಪ್ಪು ಕಾರವಾರ ಮುಟ್ಟುವಾಗ ತಲೆ ಬಾಗಿಸಿಕೊಂಡಿರುತ್ತಿತ್ತು. ಅಪ್ಪನದು ಆಗ ತಾನೇ ಕಿತ್ತ ಹಾಗೆ ನಿಂತಿರುತ್ತಿತ್ತು. ಮೀನು ಮಾರುವ ಹೆಂಗಸರೂ ಬುಟ್ಟಿಗೆ ಹೀಗೇ ನೀರು ಹೊಯ್ಯುತ್ತಿದ್ದರು, ವೀಳ್ಯದೆಲೆಯವರೂ ಹೀಗೇ. ಬಾಡುವ ವಸ್ತುವನ್ನು ದಾರಿ ದಾಟಿಸಬೇಕಾದರೆ ಒಣಗಲು ಬಿಡಬಾರದು ಎನ್ನುವುದು ನಮ್ಮ ಊರಿನಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಬರುತ್ತಿದ್ದ ವಿದ್ಯೆ.

ಮೂವತ್ತರ ದಶಕದ ಮೊದಲ ಭಾಗದ ಒಂದು ಚೈತ್ರದಲ್ಲಿ ತಂಗಿಗೆ ಜ್ವರ ಬಂತು. ಮೊದಲು ಕಷಾಯ ಕೊಟ್ಟೆವು. ಆಯಿ ಹರಕೆ ಹೊತ್ತಳು. ಜ್ವರ ಇಳಿದ ಹಾಗೆ ಮಾಡಿ ಸಂಜೆಗೆ ಮತ್ತೆ ಏರುತ್ತಿತ್ತು. ದವಾಖಾನೆಯ ಡಾಕ್ಟರು ಸೈಕಲ್ಲಿನಲ್ಲಿ ಬಂದು ನೋಡಿ, ಇದು ಮುದ್ದತಿನ ಜ್ವರ, ವಾರಗಟ್ಟಲೆ ಇದ್ದು ತನ್ನ ಅವಧಿ ಮುಗಿದ ಮೇಲೆ ಬಿಡುವಂಥದು ಎಂದರು. ಅಲ್ಲಿಯವರೆಗೆ ಅವಳ ಜೀವ ತಡೆದುಕೊಳ್ಳಬೇಕು, ಅಷ್ಟೇ ನಮ್ಮ ಕೈಯಲ್ಲಿರುವುದು ಎಂದೂ ಹೇಳಿದರು. ಗಾಜಿನ ಕಡ್ಡಿಯೊಂದನ್ನು ಅವಳ ನಾಲಿಗೆಯ ಕೆಳಗಿಟ್ಟು, ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಅದರೊಳಗಿನ ಪಾದರಸ ಬಿಸಿಗೆ ಉಬ್ಬಿ ಮೇಲೇರುತ್ತದಂತೆ. ಅಪ್ಪ ತಾನೂ ನೋಡುತ್ತೇನೆ ಎಂದ. ಡಾಕ್ಟರು ಬೇಸರಿಸದೆ ಕೊಟ್ಟರು. ಅಪ್ಪ ಅದನ್ನು ಆ ಕಡೆ ಈ ಕಡೆ ತಿರುಗಿಸಿದ. ಅವನಿಗೆ ಏನೂ ಕಾಣಲಿಲ್ಲ. ವಾಪಸು ಕೊಟ್ಟು ತಂಗಿಯ ಕುತ್ತಿಗೆಯ ಬಳಿ ತನ್ನ ಬೆರಳಿಟ್ಟು ನೋಡಿದ.

ಆಮೇಲಿನ ವಾರ ಜ್ವರ ಇಳಿಯುವುದನ್ನೇ ಬಿಟ್ಟಿತು. ತಂಗಿ ಏನೇನೋ ಬಡಬಡಿಸತೊಡಗಿದಳು. ಹಣೆಗೆ ಹಾಕಿದ ಒದ್ದೆ ಬಟ್ಟೆ, ಒಲೆಯ ಮೇಲೆ ಹಾಕಿದ ಹಾಗೆ, ನೋಡುತ್ತಿರುವಾಗಲೇ ಒಣಗುತ್ತಿತ್ತು. ಡಾಕ್ಟರು ಅಪ್ಪನನ್ನು ಅಂಗಳಕ್ಕೆ ಕರೆದು, ಈ ನಾಲ್ಕು ದಿನ ದಾಟಿದರೆ ಉಳಿಯುತ್ತಾಳೆ, ತಲೆಗೇರಿದ ಕಾವು ಇಳಿಸಬೇಕು, ನೀರಿನಿಂದ ಆಗುತ್ತಿಲ್ಲ, ಬರ್ಫ ಸಿಕ್ಕಿದರೆ ನೋಡಬಹುದಿತ್ತು ಎಂದರು. ನೀರೇ ಕಲ್ಲಿನ ಹಾಗೆ ಗಟ್ಟಿಯಾದ ವಸ್ತು ಅದು ಎಂದು ಅವರೇ ವಿವರಿಸಬೇಕಾಯಿತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಕಂಡವರಲ್ಲ. ಅಂಕೋಲೆಯಲ್ಲಿ ಅದು ಎಲ್ಲೂ ಇಲ್ಲ. ಮುಂಬೈಯಿಂದ ಕಾರವಾರಕ್ಕೆ ಬರುವ ಆಗಬೋಟಿನ, ಅಂದರೆ ಉಗಿಹಡಗಿನ, ಅಡಿಗೆಯವರ ಹತ್ತಿರ ಒಮ್ಮೊಮ್ಮೆ ಇರುತ್ತದೆ, ಮಾರನೇ ಸಂಜೆ ಆಗಬೋಟು ಬರುವುದಿದೆ ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು.

ಅಪ್ಪ ಎತ್ತು ಕಟ್ಟಿದ. ಗಾಡಿಯಲ್ಲಿ ಸೊಪ್ಪಿಲ್ಲದೆ ಅವನು ಕಾರವಾರದ ದಾರಿ ಹಿಡಿದದ್ದನ್ನು ನಾನು ಅದೇ ಮೊದಲು ಕಂಡೆ. ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಸಂಜೆಯ ಮೇಲೆ ಓಡುತ್ತಿರಲಿಲ್ಲ. ಆಗಬೋಟಿನಿಂದ ಬರ್ಫ ಕೈಗೆ ಸಿಗುವುದೇ ಸಂಜೆ. ಹಾಗಾಗಿ ಗಾಡಿಯೇ ಸರಿ ಎಂದಾಯಿತು. ಒಂದು ಚೀಲ ಉಮಿ ತುಂಬಿಕೊಂಡು ಹೋಗಿ, ಅದರೊಳಗೆ ಇಟ್ಟರೆ ತಾಳುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಆಯಿ ಒಣಗಿದ ಭತ್ತದ ಉಮಿಯನ್ನು ಚೀಲಕ್ಕೆ ತುಂಬಿ ಗಾಡಿಗೆ ಹಾಕಿದಳು. ಕೊನೆಗೆ ಏನೋ ನೆನಪಾಗಿ ಒಳಗೆ ಹೋಗಿ ತಂಗಿಯ ಕಂಬಳಿಯನ್ನೂ ತಂದು ಕೊಟ್ಟಳು.

ನಾನು ತಂಗಿಯ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದೆ. ಮಾರನೇ ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಎಚ್ಚರ ಬಂತು. ಅಪ್ಪ ಎಲ್ಲಿ ಎಂದು ಕೇಳಿದಳು. ನಿನ್ನ ತಲೆಗೆ ಬರ್ಫ ತರಲು ಹೋಗಿದ್ದಾನೆ ಎಂದೆ.

“ಹ್ಯಾಂಗಿರ್ತದೆ ಅದು?”

ನಾನು ಕಂಡಿದ್ದರೆ ಹೇಳುತ್ತಿದ್ದೆ. ಪುಷ್ಯದಲ್ಲಿ ನಿನ್ನ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಇರ್ತದಲ್ಲ, ಹಾಗೆ ಇರಬಹುದು ಎಂದೆ. ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತು ಎಂದುಕೊಂಡೆ.

“ಹಂಗಾರೆ ಹೊಟ್ಟೆ ಹತ್ರ ಹಿಡೀಬಾರ್ದು,” ಎಂದಳು.

ಅಪ್ಪ ಬಂದದ್ದು ಮರುದಿನ, ಬೇಲಿಯ ಮೇಲೆ ಬಿಸಿಲು ಬಿದ್ದ ಹೊತ್ತಿಗೆ. ಡಾಕ್ಟರು ಬೆಳಗಿನ ನೋಟಕ್ಕೆಂದು ಆಗಲೇ ಬಂದಿದ್ದರು. ಅಪ್ಪ ಗಾಡಿಯನ್ನು ಅಂಗಳದ ಹೊರಗೇ ಬಿಟ್ಟು, ಚೀಲವನ್ನು ಹೆಗಲ ಮೇಲೆ ಹೊತ್ತು ಓಡುತ್ತ ಬಂದ. ಬೆನ್ನಿನಿಂದ ಪಂಚೆಯವರೆಗೆ ನೀರು ಇಳಿಯುತ್ತಿತ್ತು. ಜಗಲಿಯ ಮೇಲೆ ಚೀಲ ಇಳಿಸಿದಾಗ ಅದರ ಸುತ್ತ ಸಗಣಿ ಸಾರಿಸಿದ ನೆಲ ಕಪ್ಪಾಗುತ್ತ ಹೋಯಿತು.

ಉಸಿರು ತಿರುಗಿಸಿಕೊಳ್ಳುತ್ತಲೇ ಅವನು ದಾರಿಯ ಕತೆ ಹೇಳಿದ. ಆಗಬೋಟು ದೂರ ನಿಂತಿತ್ತಂತೆ. ಅಲ್ಲಿಗೆ ಹೋಗಿ ಬರುವ ಮಚವೆ ದೋಣಿಯವನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿ ದಂಡೆಯಲ್ಲಿ ಕಾದನಂತೆ. ಮಚವೆಯವ ಕಟ್ಟಿ ತಂದ ಗಡ್ಡೆ ಅಡಿಗೆ ಮಣೆಯಷ್ಟು ಇತ್ತಂತೆ, ಕೈ ಇಟ್ಟರೆ ಸುಟ್ಟ ಹಾಗೆ ಆಯಿತಂತೆ. ಬಿಚ್ಚಬೇಡ ಎಂದು ಅವ ಹೇಳಿದ್ದ, ಹಾಗಾಗಿ ಕಂಬಳಿಯಲ್ಲಿ ಸುತ್ತಿ ಉಮಿಯಲ್ಲಿ ಹೂತು ಬಾಯಿ ಕಟ್ಟಿದ ಮೇಲೆ ಒಮ್ಮೆಯೂ ಬಿಚ್ಚಲಿಲ್ಲ. ಬೆಳಗಾಗುವಾಗ ಹಾರವಾಡದಲ್ಲಿ ಬುಟ್ಟಿ ಹೊತ್ತ ಮೀನಿನ ಹೆಂಗಸರು ಗಾಡಿ ಕಂಡು ಸುತ್ತುವರಿದರು. ಸೊಪ್ಪು ಕಾರವಾರಕ್ಕೆ ಹೋಗುವುದು ಕಂಡಿದ್ದೆವು, ಅಲ್ಲಿಂದ ಬರುವುದು ಕಂಡಿರಲಿಲ್ಲ ಎಂದು ನಕ್ಕರು. ಚೀಲದಿಂದ ನೀರು ಸೋರುವುದನ್ನು ಕಂಡು ಒಬ್ಬಳು, ನಮ್ಮ ಬಾವಿಯ ನೀರು ಸಾಲದೆಂದು ಕಾರವಾರದಿಂದ ತಂದೆಯೋ ಎಂದು ಕೇಳಿದಳು. ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ ಅವಳೇ ಎರಡು ಕೊಡಪಾನ ನೀರು ಸೇದಿ ಚೀಲದ ಮೇಲೆ ಹೊಯ್ದಳಂತೆ.

“ಒಂದ್ ಬಾವಿನೂ ಬಿಡ್ಲಿಲ್ಲ ಡಾಕ್ಟರೆ,” ಎಂದ ಅಪ್ಪ. “ಬಿಣಗಾದಿಂದ ಇಲ್ಲಿವರೆಗೂ ಒಣಗೂಕೆ ಕೊಡ್ಲಿಲ್ಲ.”

ಡಾಕ್ಟರು ಚೀಲದ ಬಾಯಿ ಬಿಚ್ಚುತ್ತಿದ್ದರು. ಅವರ ಕೈ ನಿಂತಿತು. ಅಪ್ಪನ ಮುಖ ನೋಡಿದರು. ಆಮೇಲೆ ಚೀಲದೊಳಗೆ ಕೈ ಹಾಕಿದರು. ಉಮಿ ಗಂಜಿಯ ಹಾಗೆ ಮೆತ್ತಗಾಗಿತ್ತು. ಕಂಬಳಿಯನ್ನು ಎಳೆದರೆ ಹಿಂಡಿದ ಹಾಗೆ ನೀರು ಸುರಿಯಿತು. ಅವರು ಮಡಿಕೆ ಮಡಿಕೆಯಾಗಿ ಬಿಡಿಸುತ್ತ ಹೋದರು. ಕೊನೆಯ ಮಡಿಕೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಚೂರು ಇತ್ತು. ಎಣ್ಣೆಯ ಹಾಗೆ ಬೆಳ್ಳಗೆ ಇರಲಿಲ್ಲ. ಗಾಜಿನ ಹಾಗಿತ್ತು.

“ಇಷ್ಟೇಯಾ?” ಎಂದಳು ಆಯಿ.

ಅಪ್ಪ ಚೀಲವನ್ನು ತಲೆಕೆಳಗು ಮಾಡಿ ಉಮಿಯನ್ನೆಲ್ಲ ನೆಲಕ್ಕೆ ಸುರಿದು ಕೈಯಾಡಿಸಿ ಹುಡುಕತೊಡಗಿದ. ಡಾಕ್ಟರು ಅವನ ಭುಜ ಹಿಡಿದರು.

“ನೀವು ಮಾಡೂದನ್ನೆಲ್ಲ ಮಾಡಿದ್ರಿ. ಈಗ ಬೇಗ ಒಂದು ತೆಳು ಬಟ್ಟೆ ಕೊಡಿ.”

ಚೂರನ್ನು ಬಟ್ಟೆಯಲ್ಲಿ ಕಟ್ಟಿ ತಂಗಿಯ ಹಣೆಯ ಮೇಲೆ ಇಟ್ಟರು. ಅವಳು ಬೆಚ್ಚಿಬಿದ್ದ ಹಾಗೆ ಕಣ್ಣು ತೆರೆದಳು. ಅದೇನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಾಯಿಗೆ ಬೇಕು ಎಂದು ಸನ್ನೆ ಮಾಡಿದಳು. ಡಾಕ್ಟರು ಒಂದು ಸಣ್ಣ ತುಣುಕು ಮುರಿದು ಅವಳ ತುಟಿಯ ನಡುವೆ ಇಟ್ಟರು. ಅವಳ ಮುಖ ಹುಳಿ ಮಾವು ಕಚ್ಚಿದ ಹಾಗೆ ಸಣ್ಣದಾಯಿತು. ಜ್ವರ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಅವಳ ಗುರುತು ಸಿಕ್ಕಿತು.

“ಅಪ್ಪಂಗೂ ಒಂಚೂರು ಕೊಡಿ,” ಎಂದಳು. “ದೂರಿಂದ ತಂದಾನೆ.”

ಅಪ್ಪ ಬೇಡ ಬೇಡ ಎಂದ. ಅಷ್ಟರಲ್ಲಿ ಬಟ್ಟೆಯೊಳಗಿನದು ನೀರಾಗಿತ್ತು. ಆಯಿ ಆ ನೀರನ್ನು ಬಟ್ಟಲಿಗೆ ಹಿಂಡಿ, ಅದರಿಂದಲೇ ಮಧ್ಯಾಹ್ನದವರೆಗೆ ಅವಳ ಹಣೆ ಒರೆಸಿದಳು. ಅಷ್ಟರಲ್ಲಿ ಅದೂ ಬೇರೆ ನೀರಿನ ಹಾಗೆ ಬೆಚ್ಚಗಾಗಿತ್ತು.

ತಂಗಿ ಮಾರನೇ ದಿನ ದೀಪ ಹಚ್ಚುವ ಹೊತ್ತಿಗೆ ಹೋದಳು. ಜನ ಬರುತ್ತಿದ್ದರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪಡುವಣ ಗೋಡೆಗೆ ಆತು ನಿಂತೆ. ಒಳಗೆ, ಅಷ್ಟು ದಿನ ಸುಡುತ್ತಿದ್ದ ಅವಳ ಕೈ ತಣ್ಣಗಾಗುತ್ತಿತ್ತು. ನನ್ನ ಬೆನ್ನ ಹಿಂದಿನ ಕಲ್ಲು ಇನ್ನೂ ಬಿಸಿಯಾಗಿತ್ತು. ಹಂಚುಗಳು ಟಕ್ ಟಕ್ ಎನ್ನತೊಡಗಿದವು. ಅದನ್ನು ನಿಲ್ಲಿಸಲು ಏನಾದರೂ ಉಪಾಯ ಇದೆಯೇ ಎಂದು ನಾನು ಮಾಡನ್ನು ನೋಡಿದೆ.

ಆಮೇಲೆ ಅಪ್ಪ ಕಾರವಾರಕ್ಕೆ ಸೊಪ್ಪು ಒಯ್ಯಲಿಲ್ಲ. ಎತ್ತುಗಳಿಗೆ ವಯಸ್ಸಾಯಿತು ಎಂದ. ಅವುಗಳಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಬೆಳೆದದ್ದನ್ನು ಅಂಕೋಲೆಯ ಪೇಟೆಯಲ್ಲೇ, ಸಿಕ್ಕ ಬೆಲೆಗೆ ಕೊಟ್ಟು ಬರುತ್ತಿದ್ದ. ಜಗಲಿಯ ಕೊಡಕ್ಕೆ ಬಟ್ಟೆ ಸುತ್ತುವುದನ್ನೂ ಬಿಟ್ಟ. ಆಯಿ ನೆನಪಾದಾಗ ಸುತ್ತುತ್ತಿದ್ದಳು, ನೆನಪಾಗದ ದಿನ ನಾವು ಬೆಚ್ಚನೆಯ ನೀರು ಕುಡಿಯುತ್ತಿದ್ದೆವು. ಮಗಳು ಹೋದ ದುಃಖ ಹೀಗೆ ಮಾಡಿಸುತ್ತಿದೆ ಎಂದುಕೊಂಡೆ. ಆ ವರ್ಷದ ಪುಷ್ಯದಲ್ಲಿ ಎಣ್ಣೆ ಗಟ್ಟಿಯಾದಾಗ ಆಯಿ ಬಾಟಲಿಯನ್ನು ಅಂಗಳದ ಬಿಸಿಲಿಗೆ ಇಟ್ಟಳು. ಸಂಜೆಯವರೆಗೂ ಯಾರೂ ಒಳಗೆ ತರಲಿಲ್ಲ.

ದಶಕದ ಕೊನೆಯ ವರ್ಷಗಳಲ್ಲಿ ಊರಿನಲ್ಲಿ ದೊಡ್ಡವರಿಗೆಂದು ಸಂಜೆಯ ಶಾಲೆ ಶುರುವಾಯಿತು. ನಾನು ಮೀಸೆ ಬಂದ ಮೇಲೆ ಪಾಟಿ ಹಿಡಿದೆ. ಮಾಸ್ತರರು ನನಗಿಂತ ಚಿಕ್ಕವರು. ಅಕ್ಷರ ಮುಗಿದ ಮೇಲೆ ಒಂದೊಂದು ದಿನ ವಿಜ್ಞಾನದ ಮಾತು ಹೇಳುತ್ತಿದ್ದರು. ಒಂದು ಸಂಜೆ ಮೂರು ಪಾತ್ರೆ ಇಟ್ಟರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವೆ ಉಗುರು ಬೆಚ್ಚನೆಯದು. ಒಂದು ಕೈ ಬಿಸಿಯದರಲ್ಲಿ, ಇನ್ನೊಂದು ತಣ್ಣನೆಯದರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ನಡುವಿನದರಲ್ಲಿ ಅದ್ದಲು ಹೇಳಿದರು. ಒಂದೇ ನೀರು ಒಂದು ಕೈಗೆ ತಂಪಾಗಿತ್ತು, ಇನ್ನೊಂದಕ್ಕೆ ಬಿಸಿಯಾಗಿತ್ತು. ತೆಂಗಿನೆಣ್ಣೆ ಏಕೆ ಗಟ್ಟಿಯಾಗುತ್ತದೆ ಎಂಬುದನ್ನೂ ಹೇಳಿದರು. ಬರ್ಫದ ಮಾತನ್ನು ಅವರಾಗಿಯೇ ತೆಗೆದರು. ಅದನ್ನು ದೂರ ಒಯ್ಯುವಾಗ ಒಣ ಉಮಿಯಲ್ಲಿ, ಕಂಬಳಿಯಲ್ಲಿ ಇಡುತ್ತಾರೆ, ಹೊರಗಿನ ಬಿಸಿ ಒಳಗೆ ಹೋಗದ ಹಾಗೆ ಅವು ತಡೆಯುತ್ತವೆ ಎಂದರು.

ನಮ್ಮ ನೆರೆಯವನೊಬ್ಬ ಹಿಂದಿನಿಂದ, “ಕಂಬಳಿ ಹೊದ್ಸಿದ್ರೆ ಅದು ಬೆವರೂದಿಲ್ವಾ ಮಾಸ್ತರ್ರೆ?” ಎಂದು ಕೇಳಿದ. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು, ಬೆವರುವುದಿಲ್ಲ, ಆದರೆ ಒದ್ದೆ ಮಾತ್ರ ಮಾಡಬಾರದು, ನಮ್ಮ ಕೈಗೆ ತಣ್ಣಗೆ ಕಾಣುವ ಬಾವಿಯ ನೀರು ಬರ್ಫಕ್ಕೆ ಬಿಸಿನೀರು ಹೊಯ್ದ ಹಾಗೆ, ಒದ್ದೆಯಾದ ಉಮಿ ಬಿಸಿಯನ್ನು ತಡೆಯುವುದೂ ಇಲ್ಲ ಎಂದರು.

ನಾನು ಪಾಟಿಯ ಮೇಲೆ ಬರೆದದ್ದನ್ನು ಅಳಿಸಿ ಮತ್ತೆ ಅದನ್ನೇ ಬರೆದೆ. ಮನೆಗೆ ನಡೆಯುವಾಗ ಒಂದೊಂದೇ ಬಾವಿ ಕಣ್ಣಿಗೆ ಬಂತು. ಬಿಣಗಾ, ಅಮದಳ್ಳಿ, ಹಾರವಾಡ, ಅವರ್ಸೆ. ಕೊಡದ ನೀರಿಗೆ ಅಪ್ಪನ ಕ್ರಮ ಸರಿ. ಹರಿವೆಗೆ ಸರಿ, ಬಸಳೆಗೆ ಸರಿ, ಹೆಂಗಸರ ಮೀನಿಗೂ ಸರಿ. ಜೀವಮಾನವೆಲ್ಲ ಒಮ್ಮೆಯೂ ತಪ್ಪದ ಕೈ ಅದು. ಡಾಕ್ಟರು ಚೀಲದ ಬಾಯಿ ಬಿಚ್ಚುತ್ತ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದ್ದು ಏಕೆಂದು ಆಗ ನನಗೆ ತಿಳಿಯಿತು. ಅಡಿಗೆ ಮಣೆಯಷ್ಟು ಗಡ್ಡೆ ಪೂರಾ ಬಂದಿದ್ದರೆ ಅವಳು ಉಳಿಯುತ್ತಿದ್ದಳೇ? ಅದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕೇಳೋಣವೆಂದರೆ ಆ ಡಾಕ್ಟರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಆದರೆ ನೆರೆಯವ ತನ್ನ ಕಂಬಳಿಯ ತಮಾಷೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಒಂದು ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡುತ್ತಿದ್ದ. ನಾನು ಪುಸ್ತಕ ಹಿಡಿದು ಅಕ್ಷರ ಕೂಡಿಸಿ ಓದುತ್ತಿದ್ದೆ.

“ಮಾಸ್ತರ್ರು ಬರ್ಫದ ಪಾಠ ಮಾಡಿದ್ರಂತೆ,” ಎಂದ.

ನಾನು ಹ್ಞೂಂ ಎಂದೆ. ಅವನು ಅಡಕತ್ತರಿ ಕೆಳಗಿಟ್ಟ.

“ಆವತ್ತು ಚೀಲ ಸುರುವಿದ್ನಲ್ಲ. ಒಂದ್ ಮೂಲೆಲಿ ಉಮಿ ಒಣಗೇ ಇತ್ತು. ಆ ಚೂರು ಉಳ್ದದ್ದು ಅದ್ರ ಬದಿಗೇಯಾ.”

ಇಷ್ಟು ವರ್ಷ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಬೆಳಿಗ್ಗೆ ಅವನು ನೆಲದ ಮೇಲೆ ಉಮಿಯಲ್ಲಿ ಕೈಯಾಡಿಸುತ್ತಿದ್ದಾಗ ಬರ್ಫ ಹುಡುಕುತ್ತಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವು.

“ಎಂತ ಹೇಳಿದ್ರು ಮಾಸ್ತರ್ರು?”

ನಾನು ಪುಸ್ತಕ ಮುಚ್ಚಿದೆ. ಚೈತ್ರದ ಸೆಕೆಗೆ ಕಾರವಾರದಿಂದ ಇಲ್ಲಿವರೆಗೆ ಎತ್ತಿನ ಗಾಡಿಯಲ್ಲಿ ಬರ್ಫ ಬರುವುದೇ ಇಲ್ಲವಂತೆ, ಹೇಗೆ ತಂದರೂ ದಾರಿಯಲ್ಲೇ ಹೋಗುತ್ತದಂತೆ ಎಂದೆ.

“ಒಣಗೇ ತಂದ್ರೂ?”

“ಒಣಗೇ ತಂದ್ರೂ, ಅಪ್ಪ.”

ಅವನು ನನ್ನ ಮುಖ ನೋಡಿದ. ನಾನು ಆವತ್ತು ಅವನ ಭುಜ ಹಿಡಿದ ಡಾಕ್ಟರನ್ನು ನೆನೆಸಿಕೊಂಡೆ, ಕಣ್ಣು ತಗ್ಗಿಸಲಿಲ್ಲ. ಅವನು ನಂಬಿದನೋ, ಮಗ ಇಷ್ಟು ಹೇಳುತ್ತಿರುವಾಗ ಇರಲಿ ಎಂದು ಬಿಟ್ಟನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಅಡಕತ್ತರಿ ಎತ್ತಿಕೊಂಡು ಉಳಿದ ಅಡಿಕೆಯನ್ನು ಹೋಳು ಮಾಡಿ ಮುಗಿಸಿದ.

ಮಾರನೇ ದಿನ ನಾನು ಹಿತ್ತಲಿನಿಂದ ಬರುವಾಗ ಅಪ್ಪ ಜಗಲಿಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹಳೆಯ ಪಂಚೆಯ ತುಂಡನ್ನು ನೆನೆಸಿ, ಹದವಾಗಿ ಹಿಂಡಿ, ಕೊಡದ ಹೊಟ್ಟೆಗೆ ಸುತ್ತುತ್ತಿದ್ದ. ಬೆರಳುಗಳು ಮೊದಲಿಗಿಂತ ನಿಧಾನವಾಗಿದ್ದವು. ಆಯಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಸಂಜೆ ಅವನೇ ನನ್ನನ್ನು ಕರೆದ. ಕೊಡದಿಂದ ಒಂದು ಚೊಂಬು ನೀರು ತೆಗೆದು ಕೈಗೆ ಕೊಟ್ಟ.

“ಕುಡ್ದ್ ನೋಡು. ತಣ್ಣಗದ್ಯಾ?”

ನಾನು ಕುಡಿದೆ. ತಣ್ಣಗಿದೆ ಎಂದೆ. ಅದು ನಿಜವಾಗಿಯೂ ತಣ್ಣಗಿತ್ತು.